ಬ್ಯಾಕಪ್ಪಿಗೆ ಬಲಿಯಾದ ಅತ್ತೆಯ ಹಾಡು

ಹುಣಸೂರಿನ ನಮ್ಮ ಮನೆಯಲ್ಲಿ ಮನುಷ್ಯರು ಮೂವರು, ಕಂಪ್ಯೂಟರ್‌ಗಳು ನಾಲ್ಕು. ಹೆಂಡತಿ ಸುಕನ್ಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ತಯಾರಿಸುವವು ಎರಡು, ಮಗಳು ಸ್ಪಂದನಾಳದೊಂದು, ನನ್ನದೊಂದು. (ನನ್ನದರಲ್ಲಿ ಇಸ್ಪೀಟಾಟ ಬಿಟ್ಟರೆ ಬೇರೇನೂ ಇಲ್ಲವೆಂಬುದು ಹೆಂಡತಿಯ ಅಪಪ್ರಚಾರ.) ಯಾರದೋ ಕಂಪ್ಯೂಟರ್ ಸಿಡಿಲಿಗೆ ಸುಟ್ಟುಹೋಯಿತೆಂದು ಕೇಳಿದ ದಿನವೇ ನಾನೊಂದು ಡಿಸ್ಕ್ ತಂದು ವೈಫೈ ಡಬ್ಬಿಗೆ ಸಿಕ್ಕಿಸಿದೆ. ನಾಲ್ಕರಲ್ಲಿರುವುದನ್ನೂ ಅದಕ್ಕೆ ನಕಲು ಮಾಡಿಡುವ ಬ್ಯಾಕಪ್ ಮಹಾಯಜ್ಞ ಶುರುವಾಯಿತು.

ನಮ್ಮ ವೈಫೈ ಎಂಥದೆಂದು ಪರದೆಯೇ ಸಾರಿತು: ‘ಇನ್ನು ಹನ್ನೊಂದು ದಿನ’. ಯಜ್ಞಭಂಗವಾಗದಿರಲೆಂದು ಮನೆಯ ಮೊಬೈಲುಗಳಿಗೆಲ್ಲ ವೈಫೈ ನಿಷೇಧಿಸಿದೆ.

“ಗಿರಾಕಿಗೆ ಪತ್ರಿಕೆ ಕಳಿಸ್ಬೇಕು ಕಣ್ರೀ! ಮದ್ವೆ ಮುಗುದ್ಮೇಲೆ ಕಳಿಸ್ಲಾ?” ಎಂದಳು ಸುಕನ್ಯ.

“ವಸಿ ತಡ್ಕೊ. ಎಲ್ಲಾ ಭದ್ರವಾಗಿರ್ಲಿ ಅಂತ ತಾನೆ ಮಾಡ್ತಿರೋದು?”

ನಾಲ್ಕನೆಯ ದಿನವೂ ಪರದೆ ‘ಹನ್ನೊಂದು ದಿನ’ ಎಂದೇ ಹಟ ಹಿಡಿದಿತ್ತು. ಭಾರ ಇಳಿಸಿದರೆ ಬೇಗ ಮುಗಿದೀತೆಂದು, ಸುಕನ್ಯ ಸಂತೆಗೆ ಹೋದಾಗ, ಇನ್ನೂ ಸರದಿ ಬಾರದಿದ್ದ ಅವಳ ಕಂಪ್ಯೂಟರಿನ ಕಸ ಗುಡಿಸಲು ಕೂತೆ. ‘ಹೊಸದು 2’ ಎಂಬ ದೊಡ್ಡ ಫೋಲ್ಡರ್ ಕಂಡಿತು. ಹೊಸದು ಒಂದಿದ್ದ ಮೇಲೆ ಎರಡೇಕೆ? ತೆರೆದೂ ನೋಡದೆ ಅಳಿಸಿದೆ. ಕಸದ ಬುಟ್ಟಿಯನ್ನೂ ಬರಿದು ಮಾಡಿದೆ. ಹನ್ನೊಂದು ಒಂಬತ್ತಕ್ಕಿಳಿದಾಗ ವಿಜಯೋತ್ಸವವೆಂದು ಕಾಫಿ ಮಾಡಿಕೊಂಡು ಕುಡಿದೆ.

ಸಂಜೆ ಸುಕನ್ಯ ಕೇಳಿದಳು, “ರೀ, ಅವ್ವನ ಹಾಡೆಲ್ಲಿ?”

ಹೋದ ವರ್ಷ ತೀರಿಕೊಂಡ ನನ್ನ ಅತ್ತೆ ಚಿಕ್ಕಸಿದ್ದಮ್ಮ ಕಟ್ಟೆಮಳಲವಾಡಿಯಲ್ಲಿ ಯಾರ ಮದುವೆಯಾದರೂ ಸೋಬಾನೆ ಹಾಡುತ್ತಿದ್ದರು. ಅವರನ್ನು ಕೂರಿಸಿಕೊಂಡು ಸುಕನ್ಯ ಮೂವತ್ತೆರಡು ಹಾಡು ರೆಕಾರ್ಡ್ ಮಾಡಿದ್ದಳು. ಎಲ್ಲವೂ ‘ಹೊಸದು 2’ರಲ್ಲಿದ್ದವು.

ತಪ್ಪೊಪ್ಪಿಕೊಂಡು ತಲೆ ತಗ್ಗಿಸಿ ನಿಂತೆ. ಅವಳು ಬಯ್ಯಲಿಲ್ಲ. “ಬುಡಿ,” ಎಂದು ಒಲೆಯ ಕಡೆ ತಿರುಗಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅಷ್ಟು ಚಿಕ್ಕ ಬೈಗುಳ ನಾನು ತಿಂದಿರಲಿಲ್ಲ. ಅಷ್ಟು ನೋವಾದದ್ದೂ ಇಲ್ಲ.

ಮೈಸೂರಿನ ರಿಪೇರಿಯವರೂ ಕೈಚೆಲ್ಲಿದರು. ಕೊನೆಗೆ ಚುಂಚನಕಟ್ಟೆಯಲ್ಲಿರುವ ಅವಳ ತಂಗಿ ಪ್ರಿಯಾಳ ಹಳೆಯ ಮೊಬೈಲಿನಲ್ಲಿ ಒಂದೇ ಒಂದು ಹಾಡು ಸಿಕ್ಕಿತು. ಮೂವರೂ ಕೂತು ಕೇಳಿದೆವು. ಮದುಮಗಳನ್ನು ತವರಿನಿಂದ ಕಳಿಸಿಕೊಡುವ ಸಾಲಿಗೆ ಬರುತ್ತಲೇ ಅತ್ತೆಯ ಕಂಠ ತುಂಬಿ ಬಂತು. ಸುಕನ್ಯ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಆಗ ಮೊಬೈಲಿನೊಳಗಿಂದ ಗಂಡಸೊಬ್ಬನ ದನಿ:

“ಅತ್ತೆಮ್ಮ, ಸಾಕು ನಿಲ್ಸಿ, ಹೊಟ್ಟೆ ಹಸೀತೈತೆ!”

ಹಾಡು ಅಲ್ಲಿಗೇ ನಿಂತಿತು. ದನಿ ನನ್ನದು.

ಸುಕನ್ಯ ಅದನ್ನು ತಾನೇ ಐದು ಕಡೆ ಬ್ಯಾಕಪ್ ಮಾಡಿಟ್ಟಿದ್ದಾಳೆ. ಮನೆಗೆ ಬಂದವರಿಗೆಲ್ಲ ಕೇಳಿಸುತ್ತಾಳೆ, ಕೊನೆಯವರೆಗೂ.