ಕೌದಿಯ ಹದ್ದುಬಸ್ತು

ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಚೈನು ಹಿಡಿದು ಹೊಲ ಅಳೆದವನು ನಾನು. ಚಿತ್ತಾಪುರ ತಾಲ್ಲೂಕಿನಲ್ಲಿ ನಾನು ತುಳಿಯದ ಬದುವಿಲ್ಲ. ಅಂಥವನಿಗೆ ಮೂರೂವರೆ ಅಡಿ ಉದ್ದ, ಮೂರಡಿ ಅಗಲದ ಒಂದು ಕೌದಿ ಯಾವ ಲೆಕ್ಕ? ಅದಕ್ಕೆ ಎಷ್ಟು ಸಾಲು ಹೊಲಿಗೆ ಬೇಕು ಎಂಬುದನ್ನು ಇನ್ನು ಮುಂದೆ ನಾನೇ ನಿರ್ಧರಿಸುತ್ತೇನೆ ಎಂದು ಕಳೆದ ಚಳಿಗಾಲದಲ್ಲಿ ಘೋಷಿಸಿಬಿಟ್ಟೆ! ಘೋಷಿಸಿದಾಗ ಮನೆಯಲ್ಲಿ ಯಾರೂ ಇರಲಿಲ್ಲ, ಅದು ಬೇರೆ ಮಾತು.

ಕೌದಿ ನನ್ನ ಅತ್ತೆ ಸುಂದರಮ್ಮನವರಿಗೆ. ಸನ್ನತಿಯಲ್ಲಿರುವ ಅವರಿಗೆ ಚಳಿ ಬಂತೆಂದರೆ ಮೊಣಕಾಲು ನೋವು. ಕೂತಾಗ ಕಾಲ ಮೇಲೆ ಹೊದ್ದುಕೊಳ್ಳಲು ಸಣ್ಣದೊಂದು ಇರಲಿ ಎಂದು ನನ್ನ ಹೆಂಡತಿ ಶಿವಗಂಗಾ ಅವರದೇ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ನಾಲ್ಕು ಬೆರಳಿಗೊಂದರಂತೆ ಹನ್ನೊಂದು ಸಾಲು ಹೊಲಿಗೆ ಹಾಕಿದ್ದಳು. ಅಂಚು ಮಾತ್ರ ಬಾಕಿ ಇತ್ತು.

ಈ ಅತ್ತೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ನನ್ನ ಯಾವ ಕೆಲಸಕ್ಕೂ ಅವರು 'ಛಲೋ ಆಗ್ಯಾದ' ಎಂದವರಲ್ಲ. ಮನೆ ಕಟ್ಟಿಸಿದೆ, 'ಬಾಗಲಾ ಸಣ್ಣದು' ಎಂದರು. ಪ್ರಮೋಷನ್ ಸಿಕ್ಕಿತು, 'ಬ್ಯಾರೆ ಯಾರೂ ಇರಲಿಲ್ಲೇನು?' ಎಂದರು. ಸಾಯುವುದರೊಳಗೆ ಅವರ ಬಾಯಿಂದ ಆ ಎರಡು ಶಬ್ದ ಕೇಳಬೇಕು ಎಂಬುದೇ ನನ್ನ ದೊಡ್ಡ ಆಸೆ. ಯಾರು ಸಾಯುವುದರೊಳಗೆ ಎಂದು ಶಿವಗಂಗಾ ಒಮ್ಮೆ ಕೇಳಿದ್ದಳು.

ಗುರುವಾರ ಅವಳು ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಸೇಡಂಗೆ ಹೊರಟಳು.

"ಅವ್ವನೂ ಅಲ್ಲಿಗೆ ಬರ್ತಾಳ. ಐತಾರ ಕರಕೊಂಡೇ ಬರ್ತೀನಿ. ಅಂಚು ಬಂದು ಹಾಕ್ತೀನಿ, ನೀವು ಕೌದಿ ಮುಟ್ಟಬ್ಯಾಡ್ರಿ."

"ಸಾಲು ಭಾಳ ದೂರ ದೂರ ಬಿದ್ದಾವಲ್ಲ?"

"ಅಷ್ಟು ಸಾಕ್ರಿ. ನಾಕು ಬೆರಳು."

"ಯಾರ ಬೆರಳು?"

ಅವಳು ಚೀಲ ಎತ್ತಿಕೊಂಡು ಬಸ್ಸಿಗೆ ಹೋದಳು.

ನನ್ನ ಪ್ರಶ್ನೆಯಲ್ಲಿ ತಪ್ಪೇನಿತ್ತು? ಬೆರಳು ಒಬ್ಬೊಬ್ಬರದು ಒಂದೊಂದು ಥರ. ಹೀಗೆ ಬೆರಳಿಟ್ಟು ಹೊಲ ಅಳೆದಿದ್ದರೆ ಅಣ್ಣತಮ್ಮಂದಿರು ಕೋರ್ಟಿನಲ್ಲೇ ಮುದುಕರಾಗುತ್ತಿದ್ದರು. ಎರಡನೆಯ ಅಭಿಪ್ರಾಯಕ್ಕೆಂದು ಪಕ್ಕದ ಮನೆಯ ಸರ್ವರಬೇಗಂ ಅವರನ್ನು ಕೇಳಿದೆ. ಓಣಿಯ ಅರ್ಧ ಕೌದಿಗಳು ಅವರ ಕೈಯವೇ.

"ಸಾಲು ಯಾರು ಎಣಸ್ತಾರ ಭಾಯಿಸಾಬ? ಒಳಗ ಬಟ್ಟಿ ಸರದಾಡಬಾರದು, ಕೈಗೆ ಮೆತ್ತಗ ಹತ್ತಬೇಕು. ಅಲ್ಲಿಗೆ ಸಾಕು ಅಂತ ಕೈಗೇ ತಿಳೀತದ."

ಕೈಗೆ ತಿಳಿಯುತ್ತದಂತೆ! ಇಂಚಿಲ್ಲ, ಅಡಿಯಿಲ್ಲ, ನಕ್ಷೆಯಿಲ್ಲ. ಈ ಅರಾಜಕತೆಯನ್ನು ಕೊನೆಗಾಣಿಸುವ ಹೊಣೆ ನನ್ನ ಮೇಲೆ ಬಿತ್ತು.

ಅಂದೇ ಕೌದಿಯನ್ನು ನಡುಮನೆಯಲ್ಲಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ತಂಬಿಗೆ ಇಟ್ಟು ಗಡಿ ಗುರುತಿಸಿದೆ. ಒಂದೊಂದು ತುಂಡಿಗೂ ಒಂದೊಂದು ಸರ್ವೆ ನಂಬರು ಕೊಟ್ಟೆ. ಸ್ಕೇಲು ಇಟ್ಟು, ಪೆನ್ಸಿಲ್ ಗೆರೆ ಎಳೆದು, ಇಂಚಿಗೊಂದು ಸಾಲು ಹಾಕಲು ಕೂತೆ. ಶುಕ್ರವಾರ ಮಧ್ಯಾಹ್ನ ನೋಡಿದರೆ ಇಂಚಿನ ನಡುವೆಯೂ ಜಾಗ ಖಾಲಿ ಕಾಣಿಸಿತು. ಖಾಲಿ ಜಾಗ ಕಂಡರೆ ಒತ್ತುವರಿಯ ಭಯ ನಮ್ಮ ಇಲಾಖೆಯವರಿಗೆ ರಕ್ತದಲ್ಲೇ ಇದೆ. ಅರ್ಧ ಇಂಚಿಗೊಂದು ಎಂದು ಆದೇಶ ತಿದ್ದಿದೆ.

ಇಲ್ಲಿ ನನ್ನ ವೃತ್ತಿ ಕೈಕೊಟ್ಟಿತು. ಚೈನು ಸಡಿಲ ಬಿಟ್ಟರೆ ಅಳತೆ ತಪ್ಪುತ್ತದೆ ಎಂದು ಮೂವತ್ತೊಂದು ವರ್ಷ ಬಿಗಿಯಾಗಿ ಎಳೆದ ಕೈ ಇದು. ದಾರ ಸಿಕ್ಕರೆ ಸುಮ್ಮನೆ ಬಿಡುತ್ತದೆಯೇ? ಪ್ರತಿ ಸಾಲಿನ ಕೊನೆಗೂ ಗಟ್ಟಿಯಾಗಿ ಜಗ್ಗಿ ಗಂಟು ಹಾಕಿದೆ.

ಶನಿವಾರ ಫೋನು ಬಂತು.

"ಕೌದಿ ಮುಟ್ಟಿಲ್ಲ ಹೌದಲ್ರಿ?"

"ನಾ ಯಾಕ ಮುಟ್ಟಲಿ?" ಎಂದೆ. ಆಗ ಸೂಜಿ ನನ್ನ ಹೆಬ್ಬೆರಳಲ್ಲಿತ್ತು.

"ಮತ್ತ ಹಾಯ್ ಅಂತ ಯಾಕ ಒದರಿದ್ರಿ?"

"ನಿನ್ನ ದನಿ ಕೇಳಿ ಖುಷಿ ಆತು."

ಅವಳು ನಂಬಲಿಲ್ಲ ಎಂದು ಕಾಣುತ್ತದೆ.

ಸಂಜೆ ಅರವತ್ತನೆಯ ಸಾಲು ಮುಗಿಸಿ ಅಂತಿಮ ಅಳತೆ ತೆಗೆದೆ. ಉದ್ದ ಎರಡಡಿ! ಟೇಪು ಹಾಳಾಗಿರಬೇಕೆಂದು ಬೇರೆ ಟೇಪು ತಂದೆ. ಅದೂ ಎರಡೇ ಅಡಿ ಎಂದಿತು. ಗಡಿ ಕಾಯುತ್ತಿದ್ದ ತಂಬಿಗೆಗಳು ಇದ್ದಲ್ಲೇ ಇದ್ದವು, ಕೌದಿ ಮಾತ್ರ ಒಳಗೊಳಗೇ ಮುದುಡಿ ಅವುಗಳಿಂದ ದೂರ ಸರಿದಿತ್ತು. ಎರಡು ಶಬ್ದದ ಆಸೆ ಹಾಗಿರಲಿ, ಮುದುಕಿಯ ಮೊಣಕಾಲಿಗೆ ಈ ಚಳಿಯಲ್ಲಿ ಇನ್ನೇನು ಹೊದಿಸುವುದು?

ಐತವಾರ ತಾಯಿ ಮಗಳು ಬಂದರು. ಅತ್ತೆಯವರು ಕುರ್ಚಿಯಲ್ಲಿ ಕೂತು, ಕೌದಿಯ ಒಂದು ಮೂಲೆ ಹಿಡಿದು ಎತ್ತಿದರು. ಅದು ಬಾಗಲಿಲ್ಲ, ಹಲಗೆಯಂತೆ ನೆಟ್ಟಗೆ ನಿಂತಿತು. ಕಾಲ ಮೇಲೆ ಇಟ್ಟುಕೊಂಡರು. ಒಂದು ಮೊಣಕಾಲು ಒಳಗೆ, ಒಂದು ಹೊರಗೆ.

"ಯಾವ ಮೊಣಕಾಲಿಗೆ ಮಾಡೀರಿ ಅಳಿಯಾರ?"

"ಅದು... ಅಳತಿ ಮಾಡಿ, ಸಾಲು ಜಾಸ್ತಿ ಹಾಕಿದೆ. ಗಟ್ಟಿ ಇರಲಿ ಅಂತ."

"ಅದನ್ನೇ ಅಂತೀನಿ. ನೀವು ಅಳದ ಮ್ಯಾಲ ಯಾವ ಹೊಲ ದೊಡ್ಡದಾಗ್ಯಾದ್ರಿ, ಇದು ಆಗಲಿಕ್ಕ?"

ಶಿವಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಒಳಗಿಂದ ಕೆಮ್ಮಿದಂಥ ಸದ್ದು ಬಹಳ ಹೊತ್ತು ಕೇಳಿಸಿತು.

ಅತ್ತೆಯವರು ಬೈಯಲಿಲ್ಲ. ಒಂದು ಬ್ಲೇಡು ತರಿಸಿ ನನ್ನ ಕೈಗಿಟ್ಟು, "ಕುಂದ್ರಿ" ಎಂದರು. ಕೂತೆ. ಸೋಮವಾರವೂ ಕೂತೆ. ಬಿಗಿದು ಹಾಕಿದ ಗಂಟುಗಳೆಲ್ಲ ನನ್ನ ಮೇಲೆ ಸೇಡು ತೀರಿಸಿಕೊಂಡವು. ಸೀರೆ ಹರಿಯಬಾರದು, ಶಿವಗಂಗಾಳ ಸಾಲು ಕೀಳಬಾರದು, ಕಣ್ಣು ಕಾಣುವುದಿಲ್ಲ. ಸರ್ವರಬೇಗಂ ಬಾಗಿಲಲ್ಲಿ ನಿಂತು, "ಭಾಯಿಸಾಬ, ಈಗ ಕೈಗೆ ತಿಳೀಲಿಕತ್ತದ ಹೌದಲ್ಲ?" ಎಂದು ಕೇಳಿ ಹೋದರು.

ಮಂಗಳವಾರ ಕೊನೆಯ ದಾರ ಹೊರಬಂತು. ಶಿವಗಂಗಾ ಬಟ್ಟೆಯನ್ನು ನೀವಿ, ಕೊಡವಿ, ಅಂಚು ಹಾಕಿದಳು. ಅತ್ತೆಯವರು ಅದನ್ನು ಕಾಲ ಮೇಲೆ ಹರಡಿಕೊಂಡರು. ಎರಡೂ ಮೊಣಕಾಲು ಮುಚ್ಚಿ ಪಾದದವರೆಗೆ ಇಳಿಯಿತು. ಅಂಗೈಯಿಂದ ಸವರಿದರು.

"ಛಲೋ ಆಗ್ಯಾದ."

ಇಪ್ಪತ್ತೊಂಬತ್ತು ವರ್ಷ! ನನ್ನ ಕಣ್ಣು ತುಂಬಿ ಬಂತು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಇನ್ನೊಮ್ಮೆ ಕೇಳುವ ಆಸೆ ಬಿಡಬೇಕಲ್ಲ.

"ಅತ್ತಿ, ಇದರಾಗ ನಾ ಹಾಕಿದ್ದು ಎಷ್ಟು ಸಾಲು ಉಳದಾವ್ರಿ?"

ಅವರು ಕನ್ನಡಕ ಏರಿಸಿ, ಈ ಅಂಚಿನಿಂದ ಆ ಅಂಚಿಗೆ ಸಾವಕಾಶವಾಗಿ ಬೆರಳಾಡಿಸಿದರು.

"ಒಂದೂ ಇಲ್ರಿ ಅಳಿಯಾರ. ಅದಕ್ಕೇ ಛಲೋ ಆಗ್ಯಾದ."