ಉಳಿದಿದ್ದ ಒಂದೇ ಪ್ರತಿ

ಅಟ್ಲಾಂಟಾದ ಪ್ರಕಾಶಕರಿಂದ ಫೋನು ಬಂದಾಗ ಡೆಲ್ಮರ್ ಟಿಡ್‌ವೆಲ್ ತಾಯಿಯ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ. ತಾಯಿಯನ್ನು ಮಣ್ಣು ಮಾಡಿ ಆರು ದಿನ. ಸಾವಿನ ಮನೆಗೆ ಊರವರು ಅಡುಗೆ ತಂದುಕೊಟ್ಟ ಪಾತ್ರೆಗಳು ಅವು. ಪ್ರತಿಯೊಂದರ ತಳದಲ್ಲೂ ಮನೆಯೊಡತಿಯ ಹೆಸರಿನ ಚೀಟಿ ಅಂಟಿತ್ತು.

"ನಿಮ್ಮ ಪುಸ್ತಕ ಮತ್ತೆ ಅಚ್ಚು ಹಾಕ್ತೀವಿ. ಆದ್ರೆ ನಮಗೆಲ್ಲೂ ಪ್ರತಿ ಸಿಗ್ತಿಲ್ಲ. ಐದು ಗಂಟೆ ಬಸ್ಸಿಗೆ ಒಂದು ಹಾಕಿ. ಈ ವರ್ಷ ಅಚ್ಚು ಹಾಕೋ ಪುಸ್ತಕಗಳ ಪಟ್ಟಿ ನಾಳೆಗೆ ಮುಗೀತು."

ಡೆಲ್ಮರ್ ಬರೆದದ್ದು ಅದೊಂದೇ ಪುಸ್ತಕ. ಯುದ್ಧ ಬೇಡ, ಕರಿಯರಿಗೊಂದು ಬಿಳಿಯರಿಗೊಂದು ಚರ್ಚು ಬೇಡ ಎಂದದ್ದಕ್ಕೆ ಒಂಬತ್ತು ವರ್ಷದ ಹಿಂದೆ ಊರವರು ಅದನ್ನು ಚರ್ಚಿನ ಅಂಗಳದಲ್ಲೇ ಸುಟ್ಟಿದ್ದರು. ಅವನು ಊರು ಬಿಟ್ಟಿದ್ದ. ತನ್ನಲ್ಲಿ ಉಳಿದಿದ್ದ ಒಂದೇ ಪ್ರತಿಯನ್ನು ತಾಯಿಗೆ ಕಳಿಸಿದ್ದ. ಆಕೆಯ ಕಾಗದಗಳಲ್ಲಿ ಟೊಮೆಟೊ ಗಿಡದ ಸುದ್ದಿ ಇರುತ್ತಿತ್ತು, ಪುಸ್ತಕದ ಸುದ್ದಿ ಇರುತ್ತಿರಲಿಲ್ಲ. ಓದಿದಳೋ, ಒಲೆಗೆ ಹಾಕಿದಳೋ? ಕೇಳುವ ಧೈರ್ಯ ಅವನಿಗೆ ಬರಲೇ ಇಲ್ಲ.

ಮನೆಯೆಲ್ಲ ಹುಡುಕಿದ. ಸಿಗಲಿಲ್ಲ. ಯಾರಿಗಾದರೂ ಕೊಟ್ಟಿರಬಹುದೆಂದು ಪಾತ್ರೆಗಳನ್ನು ಹೊತ್ತು ಹೊರಟ.

"ಗಡ್ಡ ನೋಡು, ಮೆಕ್ಕೆಜೋಳದ ಜುಂಗು ನೇತಾಡಿದ ಹಾಗಿದೆ," ಎಂದಳು ಮೊದಲ ಮನೆಯ ಮಿಸ್ ಯೂಲಾ. "ನಿನ್ನ ಪುಸ್ತಕನಾ? ನಾನೇ ಎರಡು ಸುಟ್ಟಿದ್ದೀನಿ ಮಗಾ. ಒಂದನ್ನ ಸುಡೋಕೆ ಅಂತಾನೇ ದುಡ್ಡು ಕೊಟ್ಟು ತಂದಿದ್ದೆ."

"ಅಮ್ಮನ ಪ್ರತಿ, ಮಿಸ್ ಯೂಲಾ?"

"ಅವಳು ಇಟ್ಕೊಂಡಿರ್ತಾಳಾ? ನಾಚಿಕೆಗೆ ತಲೆ ಎತ್ತಿರಲಿಲ್ಲ, ಪಾಪ. ತಗೋ, ಹಂದಿ ಮಾಂಸ ಬೇಯಿಸಿದೀನಿ. ಬರಿಗೈಲಿ ಹೋಗ್ಬಾರದು."

ಎರಡನೆಯ ಮನೆಯಲ್ಲಿ ಚರ್ಚಿನ ಪಾದ್ರಿ ಬ್ರದರ್ ಪರ್ವಿಸ್ ಅವನನ್ನು ಮೊಣಕಾಲೂರಿಸಿದ. "ಕಳೆದದ್ದು ಸಿಗಲಿ ಅಂತ ಪ್ರಾರ್ಥಿಸೋಣ." ಪ್ರಾರ್ಥನೆ ಕಳೆದ ಪುಸ್ತಕದಿಂದ ಹೊರಟು ಕಳೆದುಹೋದ ಡೆಲ್ಮರನಿಗೆ ಬಂದು, ಅಲ್ಲೇ ಮುಕ್ಕಾಲು ಗಂಟೆ ನಿಂತಿತು. ಆಮೆನ್ ಜೊತೆಗೆ ಪೀಚ್ ಹಣ್ಣಿನ ಕಡುಬೂ ಕೈಗೆ ಬಂತು. ಕೊಟ್ಟಷ್ಟೇ ಮತ್ತೆ ಕೈಸೇರಿ, ನಾಲ್ಕು ಪಾತ್ರೆ ಹೊತ್ತು ಹೊರಟವನ ಬಳಿ ಈಗಲೂ ನಾಲ್ಕೇ ಇದ್ದವು.

ಕೊನೆಗೆ ತಾಯಿಯ ಜೀವದ ಗೆಳತಿ ಮಿಸ್ ಕ್ಲೈಟಿಯ ಮನೆ ಮುಟ್ಟುವಾಗ ನಾಲ್ಕೂವರೆ. ಅವನ ಪ್ರಶ್ನೆ ಕೇಳಿ ಮುದುಕಿ ಎದ್ದು ಒಳಗೆ ಹೋದಳು. ಹೊದಿಕೆಯಿಲ್ಲದ ಹಳೆಯ ಬೈಬಲೊಂದನ್ನು ತಂದು ಅವನ ಮುಂದಿಟ್ಟಳು.

"ನಿಮ್ಮಮ್ಮಂದು. ಕಾಯಿಲೆ ಬಿದ್ದಾಗ ನನಗೆ ಕೊಟ್ಟಳು. ಇದರ ಚರ್ಮದ ಹೊದಿಕೆ ಮಾತ್ರ ತಾನಿಟ್ಕೊಂಡಳು."

"ಯಾಕೆ?"

"ನಿನ್ನ ಪುಸ್ತಕಕ್ಕೆ ಹಾಕೋಕೆ. ದಿನವಿಡೀ ನೋಡೋಕೆ ಬರೋರು ಇರ್ತಿದ್ರಲ್ಲ. ಅವರ ಮುಂದೇನೇ ಓದ್ತಾ ಮಲಗಿರೋಳು. ಎಂಥ ಭಕ್ತೆ ಅಂತ ಯೂಲಾ ಊರೆಲ್ಲ ಹೇಳ್ಕೊಂಡು ಬಂದಳು. ನಿನ್ನ ಪುಸ್ತಕ ಅಷ್ಟೂ ಬಾಯಿಪಾಠ ಆಗಿತ್ತು ಕಣೋ ಅವಳಿಗೆ. ನಂಗೂ ಹೇಳಿ ತೋರಿಸ್ತಿದ್ದಳು, ಕೀರ್ತನೆ ಹೇಳಿದ ಹಾಗೆ."

ಡೆಲ್ಮರನಿಗೆ ಮಣ್ಣು ಮಾಡಿದ ದಿನ ನೆನಪಾಯಿತು. ಶವಪೆಟ್ಟಿಗೆ ಮುಚ್ಚುವ ಮೊದಲು, 'ಬೈಬಲ್ ಇಲ್ಲದೆ ಕಳಿಸ್ತೀಯೇನೋ ಅವಳನ್ನ?' ಎಂದು ಯೂಲಾ ಗದರಿದ್ದಳು. ಅವನು ದಿಂಬಿನ ಪಕ್ಕದ ಚರ್ಮದ ಹೊದಿಕೆಯ ಪುಸ್ತಕವನ್ನು ತೆರೆದೂ ನೋಡದೆ ತಾಯಿಯ ಎದೆಯ ಮೇಲಿಟ್ಟು, ತಣ್ಣಗಿನ ಎರಡೂ ಕೈಗಳನ್ನು ತಾನೇ ಅದರ ಮೇಲೆ ಜೋಡಿಸಿದ್ದ.

ಹೊರಗೆ ಐದರ ಬಸ್ಸು ಬಂದು ನಿಂತಿತು, ಹೋಯಿತು. ಅವನು ಕ್ಲೈಟಿಯ ಫೋನಿನಿಂದ ಅಟ್ಲಾಂಟಾಕ್ಕೆ ಕರೆ ಮಾಡಿದ.

"ಪ್ರತಿ ಸಿಕ್ತಾ?" ಎಂದರು ಅವರು.

"ಎಲ್ಲಿದೆ ಅಂತ ಗೊತ್ತಾಯ್ತು," ಎಂದ ಡೆಲ್ಮರ್. "ಓದೋರ ಕೈಯಲ್ಲಿದೆ. ವಾಪಸ್ ಕೇಳೋ ಹಾಗಿಲ್ಲ."