ಬಾಯಿ ಬಿಡದ ಕಾಡಸಿದ್ದಪ್ಪ

ಬಾಯಿ ಮುಚ್ಚಿಕೊಂಡು ಕೆಟ್ಟವರು ಕುರುಗೋಡಿನಲ್ಲಿ ಯಾರೂ ಇರಲಿಲ್ಲ, ಕಾಡಸಿದ್ದಪ್ಪನೇ ಮೊದಲಿಗ.

ಅವನು ಬಳ್ಳಾರಿಯ ಕಿವುಡ ಮಕ್ಕಳ ಶಾಲೆಯ ಚಿದಾನಂದಪ್ಪ ಮಾಸ್ತರ ಹತ್ತಿರ ಕೈಸನ್ನೆಯ ಭಾಷೆ ಕಲಿತಿದ್ದ. ಕಿವುಡರ ಕೈಮಾತನ್ನು ಬಾಯಿಗೆ, ಊರವರ ಬಾಯಿಮಾತನ್ನು ಕೈಗೆ ದಾಟಿಸುವ ಕೆಲಸ. "ಒಂದು ಮಾತು ಕೂಡಿಸಬ್ಯಾಡ, ಒಂದು ಮಾತು ನುಂಗಬ್ಯಾಡ. ದವಾಖಾನಿ ಒಳಗಿನ ಮಾತು ಹೊರಗ ತರಬ್ಯಾಡ, ಅದು ಅವರ ಸ್ವತ್ತು" ಎಂದು ಮಾಸ್ತರು ಹೇಳಿ ಕಳಿಸಿದ್ದರು.

ಮೊದಲ ಗಿರಾಕಿ ಕುರುಗೋಡಿನ ದರ್ಜಿ ಎರ್ರಿಸ್ವಾಮಿ, ಹುಟ್ಟು ಕಿವುಡ. ಇದೊಂದು ಸರಿಹೋದರೆ ಮುಂದೆ ಕೋರ್ಟು, ಬ್ಯಾಂಕು ಎಲ್ಲಕ್ಕೂ ಅವನು ಕಾಡಸಿದ್ದಪ್ಪನನ್ನೇ ಕರೆಯುವವನು. ಬೆಳಿಗ್ಗೆ ಇಬ್ಬರೂ ಬಳ್ಳಾರಿಗೆ ಹೋಗಿ ಡಾಕ್ಟರಿಗೆ ತೋರಿಸಿ, ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದರು. ಎರ್ರಿಸ್ವಾಮಿ ನೇರ ಮಿಷನ್ನಿಗೆ ಕೂತ. ಕಾಡಸಿದ್ದಪ್ಪ ಅಂಗಡಿ ಕಟ್ಟೆಯ ಮೇಲೆ ಪಕ್ಕದ ಮನೆಯ ಜಡೆಮ್ಮನ ಕೈಗೆ ಸಿಕ್ಕ.

"ಡಾಕ್ಟ್ರು ಏನಂದ್ರಪಾ?"

"ನಾ ಹೇಳಂಗಿಲ್ರಿ ಯಮ್ಮಾ. ಅವರನ್ನೇ ಕೇಳ್ರಿ."

"ಅವನ ಜೋಡಿ ದಿನಾ ಕೈಯಾಗ ಮಾತಾಡ್ತೀವಿ, ನನಗ ಕೇಳಾಕ ಬರಲ್ಲೇನು? ರೋಗಿ ಮುಖ ನೋಡಿ ಹೆಂಗ ಕೇಳ್ಲಿ? ಸಣ್ಣದೋ ದೊಡ್ಡದೋ, ಅಷ್ಟು ಹೇಳು."

ಸಣ್ಣದು ಎಂದರೂ ಹೇಳಿದಂತೆಯೇ. ಕಾಡಸಿದ್ದಪ್ಪ ತುಟಿ ಬಿಗಿದು ನೆಲ ನೋಡಿದ. ಜಡೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

ಸುದ್ದಿ ಚಹಾದಂಗಡಿಗೆ ಮುಟ್ಟುವಷ್ಟರಲ್ಲಿ ಅದು ರಕ್ತದ ಕಾಯಿಲೆಯಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ "ಹೆಚ್ಚಂದ್ರ ಅಮಾಸಿ ತನಕ" ಎಂದಾಯಿತು. ಬಂದವರೆಲ್ಲ ಖಾತ್ರಿಗಾಗಿ ಕಾಡಸಿದ್ದಪ್ಪನನ್ನು ಕೇಳುವರು, ಅವನು ಬಾಯಿ ಬಿಡನು, ಅವರಿಗೆ ಖಾತ್ರಿಯಾಗುವುದು. ಓಣಿಯ ಜಂಬಮ್ಮ ಸಿಹಿ ಸಜ್ಜಕ ಮಾಡಿ ತಂದು ಎರ್ರಿಸ್ವಾಮಿಯ ಎದುರಿಗೆ ಅಳುತ್ತ ಕೂತಳು. ಗಿರಾಕಿ ಮರಿಬಸಪ್ಪ ಹೊಲಿಯಲು ಕೊಟ್ಟಿದ್ದ ಮಗನ ಬೆಲ್‌ಬಾಟಂ ಬಟ್ಟೆ ವಾಪಸು ಒಯ್ಯಲು ಕೈ ಹಾಕಿದ: "ಪಾಪ, ಇಂಥದ್ರಾಗ ಹೊಲಿಯೋದ್ಯಾಕ?" ಅವನ ಹಿಂದೆ ಇನ್ನೂ ನಾಲ್ಕಾರು ಗಿರಾಕಿಗಳು ತಮ್ಮ ಬಟ್ಟೆ ಹುಡುಕತೊಡಗಿದರು.

ಮದುವೆ ಸುಗ್ಗಿಯಲ್ಲಿ ಅಂಗಡಿ ಬರಿದಾಗುವುದನ್ನು ಕಂಡು ಎರ್ರಿಸ್ವಾಮಿ ಗಾಬರಿಯಾದ. "ಏನಂತಾರ ಇವರು?" ಎಂದು ಕೈಯಲ್ಲಿ ಕೇಳಿದ.

ಎದುರಿಗೆ ಆಡಿದ ಮಾತು ನುಂಗುವಂತಿಲ್ಲ. ಕಾಡಸಿದ್ದಪ್ಪ ಕೈಯಲ್ಲಿ ಹೇಳಿದ: "ನೀವು ಸಾಯ್ತೀರಂತ."

ಎರ್ರಿಸ್ವಾಮಿಯ ಕತ್ತರಿ ಕೆಳಗೆ ಬಿತ್ತು. "ಡಾಕ್ಟ್ರು ಅಂದಿದ್ದನ್ನ ನನಗ ಹೇಳದ ಮುಚ್ಚಿಟ್ಟಿಯೇನು?"

ಕಾಡಸಿದ್ದಪ್ಪ ಹೊಲಿಗೆ ಮಿಷನ್ ಮುಟ್ಟಿ ಆಣೆ ಮಾಡಿದ. ಡಾಕ್ಟರು ನಗುನಗುತ್ತ ಬೆನ್ನು ತಟ್ಟಿ ಕಳಿಸಿದ್ದು ಎರ್ರಿಸ್ವಾಮಿಗೂ ನೆನಪಾಯಿತು. ಈಗ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಟ್ಟೆ ಕತ್ತರಿಸುವ ಟೇಬಲ್ ಹತ್ತಿ ನಿಂತು, "ನಾ ಹೇಳ್ತೀನಿ, ನೀ ಕೂಗು" ಎಂದು ಸನ್ನೆ ಮಾಡಿದ.

ಕಾಡಸಿದ್ದಪ್ಪ ಗಂಟಲು ಸರಿಮಾಡಿಕೊಂಡು ಕೂಗಿದ: "ನನಗ ಆಗಿರೋದು ಮೂಲವ್ಯಾಧಿ! ಮಂಡಕ್ಕಿ ಒಗ್ಗರಣಿ ಜೋಡಿ ಮಿರ್ಚಿ ತಿನ್ನೋದು ಬಿಡು ಅಂದಾರ, ಅಷ್ಟ! ಬಟ್ಟಿ ಕೆಳಗಿಡ್ರಿ!"

ಬೀದಿಯೆಲ್ಲ ನಗೆ. ಮರಿಬಸಪ್ಪ ತಲೆ ಕೆರೆಯುತ್ತ ಬಟ್ಟೆ ಇಟ್ಟ. ಕಾಡಸಿದ್ದಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಎರ್ರಿಸ್ವಾಮಿಯ ಕೈ ಇನ್ನೂ ಆಡುತ್ತಿತ್ತು. ಅದನ್ನು ನೋಡಿ ಕಾಡಸಿದ್ದಪ್ಪನ ದನಿ ನಿಂತಿತು.

"ಯಾಕ ನಿಂತಿ? ಹೇಳು, ಹೇಳು!" ಎಂದರು ಜನ.

ಬೇರೆ ದಾರಿಯಿರಲಿಲ್ಲ. ಅಷ್ಟೇ ದೊಡ್ಡ ದನಿಯಲ್ಲಿ ಹೇಳಿದ: "ಈ ಹುಡುಗ ಬಲು ಪ್ರಾಮಾಣಿಕ. ಇವನ ಜೋಡಿ ಇನ್ನೊಂದು ಸಲ ದವಾಖಾನಿಗೆ ಹೋದ್ರ ನಾ ಅಂಗಡಿ ಮುಚ್ಚಬೇಕಾಗ್ತೈತಿ. ಮುಂದಿನ ಸಲ ಜಡೆಮ್ಮನ್ನ ಕರ್ಕೊಂಡು ಹೋಗ್ತೀನಿ. ನಾ ಬಸ್ಸು ಇಳಿಯೋದ್ರಾಗ ಊರಿಗೆಲ್ಲ ನಿಜ ಮುಟ್ಟಿರ್ತೈತಿ."

ಗುಂಪಿನಲ್ಲಿದ್ದ ಜಡೆಮ್ಮ ಸೆರಗು ಬಿಗಿದು ಮುಂದೆ ಬಂದು, ಕೈಯಲ್ಲೇ ಕೇಳಿದಳು: "ಎಷ್ಟೊತ್ತಿನ ಬಸ್ಸಿಗೆ?"

ಅದನ್ನೂ ಕಾಡಸಿದ್ದಪ್ಪನೇ ಕೂಗಿ ಹೇಳಬೇಕಾಯಿತು.